ಮುಖದ ಗುರುತು ಬೇರೆ, ಮುಖಭಾವ ಬೇರೆ

ರೋಗಿಯ ಮುಂದೆ ಬಗ್ಗಿ ನಿಂತು ‘ನಾನ್ಯಾರು, ಹೇಳಿ ನೋಡೋಣ’ ಎಂದು ಕೇಳುವುದನ್ನು ದಯವಿಟ್ಟು ನಿಲ್ಲಿಸಬೇಕೆಂದು ಹಾಸನದ ನನ್ನ ನರರೋಗ ಚಿಕಿತ್ಸಾಲಯಕ್ಕೆ ಬರುವ ಮನೆಯವರಲ್ಲಿ ಎಷ್ಟು ಸಲ ಬೇಡಿಕೊಂಡಿದ್ದೇನೋ ಲೆಕ್ಕವಿಲ್ಲ. ಉತ್ತರ ಬಾರದಿದ್ದರೆ ಅವರು ಮರೆವು ಬಂತೆನ್ನುತ್ತಾರೆ, ಇಲ್ಲವೇ ಕನ್ನಡಕ ಬದಲಿಸುತ್ತಾರೆ.

ಸಕಲೇಶಪುರದ ಕಡೆಯ ಹಿರಿಯ ಕಾಫಿ ಬೆಳೆಗಾರರೊಬ್ಬರಿಗೆ ಮಿದುಳಿನ ಹಿಂಭಾಗದ ರಕ್ತನಾಳ ಕಟ್ಟಿಕೊಂಡು ಪಾರ್ಶ್ವವಾಯು ಆಗಿತ್ತು. ಕೈಕಾಲಿಗೆ ತೊಂದರೆಯಿರಲಿಲ್ಲ, ಪತ್ರಿಕೆ ಓದುತ್ತಿದ್ದರು, ತೋಟದ ಆಳುಗಳ ಲೆಕ್ಕ ತಪ್ಪದೆ ಹೇಳುತ್ತಿದ್ದರು. ಪಕ್ಕದಲ್ಲಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ ಸೊಸೆಯನ್ನು ನೋಡಿ, ‘ಡಾಕ್ಟ್ರೇ, ಪಾಪ ಯಾರೋ ಹೆಣ್ಣುಮಗಳು ಅಳ್ತಾ ಕೂತಿದ್ದಾಳೆ, ಮೊದಲು ಅವಳನ್ನ ನೋಡಿ’ ಎಂದರು. ಆಕೆ ‘ಮಾವ, ನಾನು’ ಎಂದದ್ದೇ ತಡ, ‘ನೀನಾ ತಾಯಿ, ಯಾಕಮ್ಮ ಅಳ್ತೀಯ?’ ಎಂದು ಕೈ ಹಿಡಿದುಕೊಂಡರು.

ಅವರ ಕಣ್ಣು ನೆಟ್ಟಗಿತ್ತು, ಸೊಸೆಯ ನೆನಪೂ ಇತ್ತು, ಅಳುವಿನ ಅರಿವೂ ಇತ್ತು. ಮುಖದಿಂದ ವ್ಯಕ್ತಿಯ ನೆನಪಿಗೆ ಹೋಗುವ ದಾರಿ ಮಾತ್ರ ಮುಚ್ಚಿತ್ತು. ತಲೆಗೆ ಗಾಯವಾದವರಲ್ಲಿ ಇದನ್ನು ಕಂಡ ಜರ್ಮನಿಯ ವೈದ್ಯ ಬೋಡಾಮರ್ 1947ರಲ್ಲಿ ಪ್ರೊಸೋಪಗ್ನೋಸಿಯಾ ಎಂದು ಹೆಸರಿಟ್ಟರು. ಗುರುತು ಹಿಡಿಯುವುದೂ ಭಾವ ಓದುವುದೂ ಬೇರೆ ಬೇರೆ ದಾರಿಯಲ್ಲಿ ನಡೆಯುತ್ತವೆಂದು 1986ರಲ್ಲಿ ಮನೋವಿಜ್ಞಾನಿಗಳಾದ ಬ್ರೂಸ್ ಮತ್ತು ಯಂಗ್ ಪ್ರತಿಪಾದಿಸಿದರು. ಇದು ಯಾರ ಮುಖವೆಂದು ತಿಳಿಯುವ ಕೆಲಸದಲ್ಲಿ ಮಿದುಳಿನ ತಳಭಾಗದ, ವಿಶೇಷವಾಗಿ ಬಲಬದಿಯ, ಫ್ಯೂಸಿಫಾರ್ಮ್ ಎಂಬ ಮಡಿಕೆಯ ಪಾತ್ರ ದೊಡ್ಡದು. ಗಳಿಗೆಗೊಮ್ಮೆ ಬದಲಾಗುವ ಹುಬ್ಬು, ತುಟಿ, ನೋಟಗಳನ್ನು ಗ್ರಹಿಸುವುದರಲ್ಲಿ ಕಿವಿಯ ಮೇಲ್ಭಾಗದ ನೇರಕ್ಕಿರುವ ಇನ್ನೊಂದು ಭಾಗ ಮುಖ್ಯ. ಇವೆರಡರ ನಡುವೆ ಗೋಡೆಯಿದೆ ಎಂದು ನಾನು ಹೇಳುತ್ತಿಲ್ಲ. ಎಷ್ಟೋ ರೋಗಿಗಳಲ್ಲಿ ಎರಡೂ ಕೆಡುತ್ತವೆ, ಮರೆವಿನ ಕಾಯಿಲೆಯಲ್ಲೂ ಗುರುತು ತಪ್ಪಬಹುದು. ಆದ್ದರಿಂದ ಪರೀಕ್ಷಿಸದೆ ಯಾವುದನ್ನೂ ನಿರ್ಧರಿಸಬಾರದು. ಮುಖದ ಗುರುತು ದಿಢೀರನೆ ತಪ್ಪಿದರಂತೂ ಕಾಯಕೂಡದು. ಪಾರ್ಶ್ವವಾಯುವಿನಲ್ಲಿ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ.

ಆಲ್ಬಮ್ ತೋರಿಸಿ ಉರು ಹೊಡೆಸಿದ್ದರಿಂದ ಮುಖ ಗುರುತಿಸುವ ಶಕ್ತಿ ಮರಳಿದ್ದನ್ನು ನಾನು ಕಂಡಿಲ್ಲ. ರೋಗಿ ಅವಮಾನದಿಂದ ಕುಗ್ಗಿದ್ದನ್ನು ಕಂಡಿದ್ದೇನೆ. ಮುಖ ಕೈಕೊಟ್ಟವರಿಗೆ ದನಿ, ನಡಿಗೆ, ಬಳೆಯ ಸದ್ದು ಆಸರೆಯಾಗುತ್ತವೆ. ಆ ಸೊಸೆ ಈಗ ಹೊಸ್ತಿಲಲ್ಲೇ ‘ಮಾವ, ಕಾಫಿ ತಂದೆ’ ಎಂದು ಕೂಗಿ ಒಳಗೆ ಬರುತ್ತಾರಂತೆ, ಅವರು ಆಕೆಯ ಹೆಸರು ಹಿಡಿದೇ ಲೋಟ ಇಸಿದುಕೊಳ್ಳುತ್ತಾರಂತೆ.