ತವರಿನ ಹುಲಿಗೆ ತವರಿನಲ್ಲೇ ಏನಾಯಿತು?

ವಿದೇಶ ಪ್ರವಾಸಕ್ಕೆ ಟೆಸ್ಟ್ ತಂಡ ಪ್ರಕಟವಾದ ದಿನ ಅಭಿಮಾನಿಯ ಕಣ್ಣು ಪಟ್ಟಿಯಲ್ಲಿರುವ ಹೆಸರುಗಳಿಗಿಂತ ಇಲ್ಲದ ಹೆಸರುಗಳನ್ನೇ ಹುಡುಕುತ್ತದೆ. 2025ರ ಮೇ ತಿಂಗಳಲ್ಲಿ ರೋಹಿತ್ ಶರ್ಮಾ ಮತ್ತು ವಿರಾಟ್ ಕೊಹ್ಲಿ ಐದು ದಿನಗಳ ಅಂತರದಲ್ಲಿ ಟೆಸ್ಟ್‌ಗೆ ವಿದಾಯ ಹೇಳಿದರು. ಸ್ಪಿನ್ನರ್ ಅಶ್ವಿನ್ ಅದಕ್ಕೂ ಮೊದಲೇ, ಆಸ್ಟ್ರೇಲಿಯಾ ಸರಣಿಯ ನಡುವೆಯೇ ಹೊರಟುಹೋಗಿದ್ದರು. ಇಂಗ್ಲೆಂಡ್ ಪ್ರವಾಸಕ್ಕೆ ಒಂದು ತಿಂಗಳ ಮೇಲೆ ಕೆಲವೇ ದಿನ ಉಳಿದಿತ್ತು, ನಾಯಕ ಶುಭಮನ್ ಗಿಲ್‌ಗೆ ವಯಸ್ಸು 25. ಇನ್ನು ಕೆಲವು ವರ್ಷ ಸೋಲನ್ನೇ ನೋಡಬೇಕು ಎಂದು ಎಲ್ಲರಂತೆ ನಾನೂ ನಂಬಿದ್ದೆ.

ಆದದ್ದೇ ಬೇರೆ. ಗಿಲ್ 754 ರನ್ ಗಳಿಸಿದರು, ಮೊಹಮ್ಮದ್ ಸಿರಾಜ್ 23 ವಿಕೆಟ್ ಪಡೆದರು, ಓವಲ್ ಪಂದ್ಯವನ್ನು ಕೇವಲ 6 ರನ್‌ಗಳಿಂದ ಗೆದ್ದು ಸರಣಿಯನ್ನು 2–2ಕ್ಕೆ ನಿಲ್ಲಿಸಿ ತಂಡ ಮರಳಿತು. ಅದೇ ತಂಡ ನವೆಂಬರ್‌ನಲ್ಲಿ ಕೋಲ್ಕತ್ತ ಮತ್ತು ಗುವಾಹಟಿಯಲ್ಲಿ ದಕ್ಷಿಣ ಆಫ್ರಿಕಾಕ್ಕೆ 0–2ರಿಂದ ಶರಣಾಯಿತು. ಗುವಾಹಟಿಯ ಸೋಲಿನ ಅಂತರ 408 ರನ್. ನಾವು ಮುಂಬಾಗಿಲು ಕಾಯುತ್ತಿದ್ದೆವು, ಹಿತ್ತಲ ಬಾಗಿಲು ತೆರೆದೇ ಇತ್ತು.

ಪ್ರವಾಸದ ಭಯಕ್ಕೆ ಮೂಲ ಇದೆ. 1971ರಲ್ಲಿ ಅಜಿತ್ ವಾಡೇಕರ್ ನಾಯಕತ್ವದ ತಂಡ ವೆಸ್ಟ್ ಇಂಡೀಸ್ ಮತ್ತು ಇಂಗ್ಲೆಂಡ್ ಎರಡನ್ನೂ ಅವರವರ ನೆಲದಲ್ಲೇ ಮಣಿಸಿತ್ತು. ಓವಲ್‌ನಲ್ಲಿ ನಮ್ಮ ಬಿ.ಎಸ್. ಚಂದ್ರಶೇಖರ್ 38 ರನ್‌ಗಳಿಗೆ 6 ವಿಕೆಟ್ ಕಿತ್ತರು. ಆ ಸಂಭ್ರಮಕ್ಕೆ ಇಂದೋರ್‌ನಲ್ಲಿ ಕಾಂಕ್ರೀಟಿನ ದೊಡ್ಡ ಬ್ಯಾಟ್ ಒಂದನ್ನು ನಿಲ್ಲಿಸಲಾಯಿತು. ಮೂರೇ ವರ್ಷಗಳ ನಂತರ ಅದೇ ನಾಯಕನ ತಂಡ ಜೂನ್‌ನ ತೇವದ ಗಾಳಿಯಲ್ಲಿ, ಲಾರ್ಡ್ಸ್‌ನಲ್ಲಿ, 17 ಓವರ್‌ಗಳಲ್ಲಿ 42ಕ್ಕೆ ಆಲೌಟಾಯಿತು. ಸಿಟ್ಟಿಗೆದ್ದ ಜನ ಇಂದೋರ್‌ನ ಬ್ಯಾಟನ್ನು ವಿರೂಪಗೊಳಿಸಿದರು. ‘ತವರಿನಲ್ಲಿ ಹುಲಿ, ಹೊರಗೆ ಇಲಿ’ ಎಂಬ ಮಾತು ಭಾರತ ತಂಡಕ್ಕೆ ಅಂಟಿಕೊಂಡಿದ್ದು ಇಂಥ ಪ್ರವಾಸಗಳಿಂದಲೇ. ವೇಗಿಗಳಿಲ್ಲದ, ಸ್ಪಿನ್ನರ್‌ಗಳನ್ನೇ ನಂಬಿದ ತಂಡಕ್ಕೆ ಆ ಮಾತು ಅನ್ಯಾಯವೂ ಆಗಿರಲಿಲ್ಲ.

2011ರದ್ದು ಇನ್ನೂ ಆಳದ ಗಾಯ. ಏಪ್ರಿಲ್‌ನಲ್ಲಿ ವಿಶ್ವಕಪ್ ಗೆದ್ದು, ಟೆಸ್ಟ್‌ನಲ್ಲಿ ಅಗ್ರಸ್ಥಾನದಲ್ಲಿದ್ದುಕೊಂಡೇ ತಂಡ ಇಂಗ್ಲೆಂಡ್‌ಗೆ ಹೋಯಿತು. ಸಚಿನ್, ದ್ರಾವಿಡ್, ಲಕ್ಷ್ಮಣ್ ಎಲ್ಲರೂ ಇದ್ದರು, ಆದ್ದರಿಂದ ಯಾರಿಗೂ ಭಯವಿರಲಿಲ್ಲ. ಲಾರ್ಡ್ಸ್‌ನ ಮೊದಲ ದಿನವೇ ಜಹೀರ್ ಖಾನ್ ತೊಡೆ ಹಿಡಿದುಕೊಂಡು ಮೈದಾನದಿಂದ ಹೊರನಡೆದರು, ಸರಣಿ 0–4ರಲ್ಲಿ ಮುಗಿಯಿತು. ಓವಲ್‌ನ ಕೊನೆಯ ಟೆಸ್ಟ್‌ನಲ್ಲಿ ಗಂಭೀರ್ ಗಾಯಗೊಂಡಿದ್ದರಿಂದ 38ರ ದ್ರಾವಿಡ್ ಇನಿಂಗ್ಸ್ ಆರಂಭಿಸಿದರು. ಆರು ಗಂಟೆಗೂ ಹೆಚ್ಚು ಕಾಲ ನಿಂತರು. ಇನ್ನೊಂದು ತುದಿಯಲ್ಲಿ ಹತ್ತೂ ವಿಕೆಟ್ ಉರುಳಿ ತಂಡ 300ಕ್ಕೆ ಆಲೌಟಾದಾಗ ಅವರು ಔಟಾಗದೆ 146. ಫಾಲೋಆನ್ ಬಂತು, ಅಂದರೆ ತಂಡ ತಕ್ಷಣವೇ ಮತ್ತೆ ಬ್ಯಾಟ್ ಮಾಡಬೇಕಾಯಿತು. ಪೆವಿಲಿಯನ್‌ಗೆ ಹೋದ ಅದೇ ಮನುಷ್ಯ, ಇನಿಂಗ್ಸ್ ನಡುವಿನ ಆ ಹತ್ತು ನಿಮಿಷ ಕಳೆಯುತ್ತಲೇ, ಮತ್ತೆ ಬ್ಯಾಟ್ ಹಿಡಿದು ಸೆಹ್ವಾಗ್ ಜೊತೆ ಮೆಟ್ಟಿಲು ಇಳಿದು ಬಂದರು. ತಂಡವೊಂದು ಒಳಗಿನಿಂದ ಬರಿದಾಗುತ್ತಿರುವುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ದೃಶ್ಯ ನನ್ನ ನೆನಪಿನಲ್ಲಿಲ್ಲ. ಐದು ತಿಂಗಳಲ್ಲಿ ಆಸ್ಟ್ರೇಲಿಯಾದಲ್ಲೂ 0–4. ಅಲ್ಲಿ ದ್ರಾವಿಡ್ ಎಂಟು ಇನಿಂಗ್ಸ್‌ಗಳಲ್ಲಿ ಆರು ಬಾರಿ ಬೌಲ್ಡ್ ಆದರು. ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ನಿವೃತ್ತಿ ಘೋಷಿಸಿದರು. ಆಗಸ್ಟ್‌ನಲ್ಲಿ ಲಕ್ಷ್ಮಣ್ ಹೋದರು.

ಆದರೆ ಮುಖ್ಯ ಪಾಠ ಇದ್ದದ್ದು ಆ ಎರಡು ಪ್ರವಾಸಗಳಲ್ಲಲ್ಲ, 2012ರ ನವೆಂಬರ್‌ನ ಮುಂಬೈಯಲ್ಲಿ. ಅಹಮದಾಬಾದ್‌ನಲ್ಲಿ ಇಂಗ್ಲೆಂಡನ್ನು ಸೋಲಿಸಿದ ಮೇಲೂ ನಾಯಕ ಧೋನಿ ಮೊದಲ ದಿನದಿಂದಲೇ ಚೆಂಡು ತಿರುಗುವ ಪಿಚ್ ಬೇಕೆಂದರು. ಮುಂಬೈಯಲ್ಲಿ ಚೆಂಡು ತಿರುಗಿತು. ಇಂಗ್ಲೆಂಡ್‌ನ ಸ್ಪಿನ್ನರ್‌ಗಳಾದ ಪನೇಸರ್ ಮತ್ತು ಸ್ವಾನ್ ಸೇರಿ 19 ವಿಕೆಟ್ ಪಡೆದರು. ಎರಡನೇ ಇನಿಂಗ್ಸ್‌ನಲ್ಲಿ ಭಾರತ 142ಕ್ಕೆ ಕುಸಿದಾಗ ಏಕಾಂಗಿಯಾಗಿ 65 ರನ್ ಗಳಿಸಿದವರು ಗೌತಮ್ ಗಂಭೀರ್. ಸರಣಿ 1–2ರಿಂದ ಕೈತಪ್ಪಿತು.

ಅಲ್ಲಿಂದ ಮುಂದಿನ ಹನ್ನೆರಡು ವರ್ಷ ತವರಿನಲ್ಲಿ ಸತತ 18 ಸರಣಿಗಳನ್ನು ಗೆದ್ದೆವು. ವೇಗಿಗಳಾದ ಇಶಾಂತ್, ಶಮಿ, ಬೂಮ್ರಾ ಹೊರದೇಶದ ಕಥೆಯನ್ನೂ ಬದಲಿಸಿದರು. 2018–19ರಲ್ಲಿ ಆಸ್ಟ್ರೇಲಿಯಾದಲ್ಲಿ ಮೊದಲ ಸರಣಿ ಜಯ ಸಿಕ್ಕಿತು. ಆ ಸರಣಿಯಲ್ಲಿ ಚೇತೇಶ್ವರ್ ಪೂಜಾರ ಒಬ್ಬರೇ ಎದುರಿಸಿದ್ದು 1258 ಎಸೆತ. ಎರಡು ವರ್ಷಗಳ ನಂತರ ಅಡಿಲೇಡ್‌ನಲ್ಲಿ 36ಕ್ಕೆ ಆಲೌಟಾದ ತಂಡ ಒಂದೇ ತಿಂಗಳಲ್ಲಿ ಗಾಬಾದಲ್ಲಿ ಗೆದ್ದು ಸರಣಿ ಹಿಡಿದುಕೊಂಡಿತು. ಇಲಿ ಎಂಬ ಮಾತು ಅಲ್ಲಿಗೆ ಅಳಿಯಿತು.

ಆ ಗೆಲುವುಗಳ ಅಡಿಯಲ್ಲೇ ಗೆದ್ದಲು ಹಿಡಿಯಿತು. ಎರಡು ವರ್ಷಗಳ ಸರಣಿಗಳ ಅಂಕ ಲೆಕ್ಕಹಾಕಿ ಫೈನಲ್‌ಗೆ ತಂಡಗಳನ್ನು ಆರಿಸುವ ಟೆಸ್ಟ್ ಚಾಂಪಿಯನ್‌ಷಿಪ್ 2019ರಲ್ಲಿ ಶುರುವಾದ ಮೇಲೆ ಡ್ರಾ ದುಬಾರಿಯಾಯಿತು, ಎರಡೂವರೆ ದಿನದಲ್ಲಿ ಮುಗಿಯುವ ಪಿಚ್‌ಗಳು ಆಕರ್ಷಕವಾಗಿ ಕಂಡವು. ಅಂಥ ನೆಲದಲ್ಲಿ ಅಶ್ವಿನ್–ಜಡೇಜ ಜೋಡಿಗೂ ಎದುರಾಳಿಯ ಸಾಧಾರಣ ಸ್ಪಿನ್ನರ್‌ಗೂ ನಡುವಿನ ಅಂತರ ಕುಗ್ಗುತ್ತದೆ. ಎಚ್ಚರಿಕೆಗಳು ಕಡಿಮೆಯೇನೂ ಇರಲಿಲ್ಲ. 2017ರಲ್ಲಿ ಪುಣೆಯಲ್ಲಿ ಆಸ್ಟ್ರೇಲಿಯಾದ ಸ್ಪಿನ್ನರ್ ಸ್ಟೀವ್ ಒಕೀಫ್ 12 ವಿಕೆಟ್ ಪಡೆದರು, 2023ರಲ್ಲಿ ಇಂದೋರ್‌ನಲ್ಲಿ ಅದೇ ತಂಡದ ಲಯನ್ ಒಂದೇ ಇನಿಂಗ್ಸ್‌ನಲ್ಲಿ 8 ವಿಕೆಟ್ ಕಿತ್ತರು. ಎರಡೂ ಬಾರಿ ಸರಣಿ ಗೆದ್ದಿದ್ದರಿಂದ ಅದು ಆಕಸ್ಮಿಕ ಎಂದು ಮರೆತೆವು. 2024ರ ಅಕ್ಟೋಬರ್‌ನಲ್ಲಿ ನ್ಯೂಜಿಲೆಂಡ್ ಬಂತು. ಬೆಂಗಳೂರಿನ ಮೋಡದ ಕೆಳಗೆ ವೇಗಿಗಳೆದುರು 46ಕ್ಕೆ ಆಲೌಟಾದುದಕ್ಕೆ ಹವೆಯ ನೆಪವಿತ್ತು. ಪುಣೆಯಲ್ಲಿ ಸ್ಪಿನ್ನರ್ ಸ್ಯಾಂಟ್ನರ್‌ಗೆ 13, ಮುಂಬೈಯಲ್ಲಿ ಇನ್ನೊಬ್ಬ ಸ್ಪಿನ್ನರ್ ಎಜಾಜ್ ಪಟೇಲ್‌ಗೆ 11 ವಿಕೆಟ್ ಒಪ್ಪಿಸಿದ್ದಕ್ಕೆ ಯಾವ ನೆಪವೂ ಇಲ್ಲ.

ಇನ್ನೊಂದು ಕಾರಣ, ದೇಶೀಯ ಟೂರ್ನಿಯಾದ ರಣಜಿಯಿಂದ ದೂರವಾದದ್ದು. ಕೊಹ್ಲಿ 2025ರ ಜನವರಿಯಲ್ಲಿ ದೆಹಲಿ ಪರ ರಣಜಿ ಪಂದ್ಯ ಆಡಿದ್ದು 2012ರ ನಂತರ ಅದೇ ಮೊದಲು. ಅಂತರರಾಷ್ಟ್ರೀಯ ವೇಳಾಪಟ್ಟಿ ಬಿಡುವು ಕೊಡುವುದಿಲ್ಲ ಎಂಬುದು ನಿಜ. ಆದರೂ ಸ್ಪಿನ್ ಎದುರು ಕಾಲನ್ನು ಎಲ್ಲಿಗೆ ಚಾಚಬೇಕು, ಚೆಂಡನ್ನು ಕೈಯಿಂದಲೇ ಹೇಗೆ ಓದಬೇಕು ಎಂಬುದು ಟಿ20ಯಲ್ಲಿ ಬರುವ ವಿದ್ಯೆಯಲ್ಲ. ದೂಳೇಳುವ ಪಿಚ್‌ಗಳಲ್ಲಿ ಇಡೀ ದಿನ ನಿಂತು ಕಲಿಯಬೇಕಾದದ್ದು.

ಕೋಲ್ಕತ್ತದಲ್ಲಿ ದಕ್ಷಿಣ ಆಫ್ರಿಕಾ ಎದುರು 124 ರನ್ ಬೆನ್ನಟ್ಟಿದ ಭಾರತ 93ಕ್ಕೆ ಮುಗಿಯಿತು. ಕತ್ತು ನೋವಿನಿಂದ ಗಿಲ್ ಬ್ಯಾಟ್ ಹಿಡಿಯಲಿಲ್ಲ. ತಾವು ಬಯಸಿದ್ದು ಇಂಥದ್ದೇ ಪಿಚ್ ಎಂದು ಪಂದ್ಯದ ನಂತರ ಕೋಚ್ ಹೇಳಿದರು. ಆ ಕೋಚ್, ಹದಿಮೂರು ವರ್ಷಗಳ ಹಿಂದೆ ಮುಂಬೈಯಲ್ಲಿ ಒಬ್ಬರೇ 65 ರನ್ ಗಳಿಸಿದ ಗಂಭೀರ್.

2025–27ರ ಚಾಂಪಿಯನ್‌ಷಿಪ್ ಚಕ್ರದಲ್ಲಿ ಇಂಗ್ಲೆಂಡ್ ಬಿಟ್ಟರೆ ಭಾರತದ ಪಾಲಿಗೆ ಬಂದಿರುವ ಪ್ರವಾಸಗಳು ಎರಡು, ಶ್ರೀಲಂಕಾ ಮತ್ತು ನ್ಯೂಜಿಲೆಂಡ್. ನನ್ನ ಭಯ ಹೆಚ್ಚು ಇರುವುದು ಶ್ರೀಲಂಕಾದ ಬಗ್ಗೆ. ಅಲ್ಲಿ ಚೆಂಡು ತಿರುಗುತ್ತದೆ. 2024ರ ಆಗಸ್ಟ್‌ನಲ್ಲಿ ಏಕದಿನ ಸರಣಿಯನ್ನು ಅಲ್ಲಿ ಸ್ಪಿನ್ನರ್‌ಗಳಿಗೇ 0–2ರಿಂದ ಕಳೆದುಕೊಂಡಿದ್ದೇವೆ. ಪೂಜಾರ 2025ರ ಆಗಸ್ಟ್‌ನಲ್ಲಿ ನಿವೃತ್ತರಾದರು. ದ್ರಾವಿಡ್‌ರಿಂದ ಅವರಿಗೆ ಬಂದ ಮೂರನೇ ಕ್ರಮಾಂಕದಲ್ಲಿ ಆ ಒಂದೇ ವರ್ಷ ಸಾಯಿ ಸುದರ್ಶನ್, ಕರುಣ್ ನಾಯರ್, ವಾಷಿಂಗ್ಟನ್ ಸುಂದರ್ ಆಡಿದರು. ತಂಡ ಪ್ರಕಟವಾದಾಗ ನಾನು ಮೊದಲು ನೋಡುವುದು ಆ ಜಾಗಕ್ಕೆ ಯಾರಿದ್ದಾರೆ ಎಂದು.