ಟುನ್ ಟುನ್ ನಿಜವಾಗಿಯೂ ಹಾಡುತ್ತಿದ್ದರಾ?

"ಸಾರ್, ‘ಅಫ್ಸಾನಾ ಲಿಖ್ ರಹೀ ಹೂಂ’ ಹಾಡಿದ್ದು ಟುನ್ ಟುನ್ ಅಂತೆ, ಹೌದಾ? ದಪ್ಪ ಆದ ಮೇಲೆ ಹಾಡೋಕೆ ಯಾರೂ ಕರೀಲಿಲ್ವಂತೆ?"

ಮುಂಬೈ ಕಡೆಯ ಮಾಟುಂಗಾ ಇರಲಿ, ಡೊಂಬಿವಲಿ ಇರಲಿ, ನಾಲ್ಕು ಜನ ಕನ್ನಡದವರು ಸೇರಿ ಹಳೇ ಹಾಡಿನ ಮಾತು ತೆಗೆದರೆ ಈ ಪ್ರಶ್ನೆ ಬಂದೇ ಬರುತ್ತದೆ. ಹೇಳಿ ಹೇಳಿ ಸಾಕಾಗಿದೆ. ಇನ್ನೊಂದು ಸಲ ಹೇಳುತ್ತೇನೆ.

ಹೌದು, ಹಿಂದಿ ಚಿತ್ರಗಳ ಹಾಸ್ಯನಟಿ ಟುನ್ ಟುನ್ ಅವರೇ. ನಿಜವಾದ ಹೆಸರು ಉಮಾದೇವಿ ಖತ್ರಿ. ಉತ್ತರ ಪ್ರದೇಶದ ಕಡೆಯವರು. ಚಿಕ್ಕಂದಿನಲ್ಲೇ ಅಪ್ಪ ಅಮ್ಮ ತೀರಿಕೊಂಡರು. ಹಾಡಲೇಬೇಕು ಅಂತ ಮುಂಬೈಗೆ ಬಂದು ಸಂಗೀತ ನಿರ್ದೇಶಕ ನೌಷಾದ್ ಮುಂದೆ ನಿಂತರು. 1947ರ ‘ದರ್ದ್’ ಚಿತ್ರದಲ್ಲಿ ಈ ಹಾಡು ಸಿಕ್ಕಿತು. ಅದರಲ್ಲೇ ನಟಿ, ಗಾಯಕಿ ಸುರೈಯಾ ಜೊತೆಗೂ ಹಾಡಿದ್ದಾರೆ.

ಇನ್ನು ಆ ದಪ್ಪದ ಮಾತು. ದಯವಿಟ್ಟು ಸ್ವಲ್ಪ ಯೋಚನೆ ಮಾಡಿ. ಹಿನ್ನೆಲೆ ಗಾಯಕಿ ಪರದೆ ಮೇಲೆ ಕಾಣೋದೇ ಇಲ್ಲ, ಅಲ್ವಾ? ಆ ಹಾಡಿಗೆ ತುಟಿ ಆಡಿಸಿದ್ದು ನಟಿ ಮುನವ್ವರ್ ಸುಲ್ತಾನಾ. ಉಮಾದೇವಿ ನಿಂತದ್ದು ಮೈಕಿನ ಮುಂದೆ. ಮೈಕಿಗೆ ಬೇಕಾದ್ದು ಗಂಟಲು. ಹಾಡು ಕಡಿಮೆಯಾಗೋಕೆ ಕಾರಣ ಬೇರೆ. ‘ದರ್ದ್’ ತೆಗೆದ ಎ.ಆರ್. ಕಾರ್ದಾರ್ ಜೊತೆ ಅವರಿಗೆ ಒಪ್ಪಂದ ಇತ್ತು. ಹಾಗಿದ್ದರೂ 1948ರಲ್ಲಿ ಮದ್ರಾಸಿನ ಜೆಮಿನಿ ಸ್ಟುಡಿಯೊದ ಹಿಂದಿ ‘ಚಂದ್ರಲೇಖಾ’ಗೆ ಹಾಡಿದರು. ಇದರಿಂದ ಕಾರ್ದಾರ್ ಜೊತೆ ಮನಸ್ತಾಪ ಆಯಿತು. ಅಷ್ಟರಲ್ಲಿ ಲತಾ ಬಂದರು. ತಾರಕಕ್ಕೆ ಸಲೀಸಾಗಿ ಏರುವ ಕಂಠ ನೋಡಿಕೊಂಡೇ ಟ್ಯೂನ್ ಹಾಕುವ ಕಾಲ ಬಂತು. ಗುರುಗಳ ಹತ್ತಿರ ಕಲಿಯದ ಉಮಾದೇವಿಯ ದನಿಗೆ ಅಷ್ಟು ಎತ್ತರ ಒಗ್ಗುತ್ತಿರಲಿಲ್ಲ.

ಹಾಗಂತ ಅದು ಸಣ್ಣ ದನಿಯಲ್ಲ. ಮೊನ್ನೆ ಲೋಕಲ್ ರೈಲಿನಲ್ಲಿ ಇದೇ ಪ್ರಶ್ನೆ ಕೇಳಿದ ಒಬ್ಬರಿಗೆ ಥಾಣೆ ಸ್ಟೇಷನ್ನಿನಲ್ಲಿ ಇಯರ್‌ಫೋನ್ ಕೊಟ್ಟೆ. ‘ಲಿಖ್ ರಹೀ ಹೂಂ’ ಅಂತ ಎಳೆಯುವಾಗ ಕಸರತ್ತಿಲ್ಲ, ಮನೆಯಲ್ಲಿ ಒಬ್ಬರೇ ಕೂತು ಗುನುಗಿದ ಹಾಗಿದೆ. ಮುಂದಿನ ಸ್ಟೇಷನ್ ಮುಲುಂಡ್ ಬರುವ ತನಕ ಅವರು ಮಾತಾಡಲಿಲ್ಲ. ಆಮೇಲೆ ಕಣ್ಣರಳಿಸಿ "ಇದು ಟುನ್ ಟುನ್ನಾ?" ಅಂದರು.

ಉಮಾದೇವಿಗೆ ನಟನೆಗೆ ಹೋಗು ಅಂದದ್ದು ನೌಷಾದರೇ. ಅವರ ಮಾತಿನ ಚುರುಕು ನೌಷಾದರಿಗೆ ಗೊತ್ತಿತ್ತು. ದಿಲೀಪ್ ಕುಮಾರ್ ಜೊತೆಯಾದರೆ ಸರಿ ಅಂತ ಇವರು ಹಟ ಹಿಡಿದರು. 1950ರಲ್ಲಿ ‘ಬಾಬುಲ್’ ಬಂತು. ಟುನ್ ಟುನ್ ಅನ್ನೋ ಹೆಸರು ಅಲ್ಲಿಂದ. ಅದರಲ್ಲಿ ಮುನವ್ವರ್ ಸುಲ್ತಾನಾ ಕೂಡ ಇದ್ದಾರೆ ನೋಡಿ! ಮೂರು ವರ್ಷದ ಹಿಂದೆ ದನಿ ಒಬ್ಬರದು, ಮುಖ ಇನ್ನೊಬ್ಬರದು. ಈಗ ಇಬ್ಬರೂ ಒಂದೇ ಚಿತ್ರದಲ್ಲಿ. ಆಮೇಲೆ ನಮ್ಮ ಬೆಂಗಳೂರಲ್ಲಿ ಹುಟ್ಟಿದ ಗುರುದತ್ತರು ‘ಆರ್ ಪಾರ್’, ‘ಪ್ಯಾಸಾ’ಗಳಲ್ಲಿ ಪಾತ್ರ ಕೊಟ್ಟರು. ಮೈಕಟ್ಟು ನೋಡಿ ಪಾತ್ರ ಕೊಟ್ಟವರು ಬೇಕಾದಷ್ಟು ಜನ, ಅದು ನಿಜ. ಹಾಡು ನಿಂತದ್ದು ಮಾತ್ರ ಅದರಿಂದಲ್ಲ.

ಹಾಡಿದವರ ಹೆಸರು ಜನಕ್ಕೆ ಯಾಕೆ ಗೊತ್ತಾಗುತ್ತಿರಲಿಲ್ಲ? ಇದನ್ನು ಯಾರೂ ಕೇಳುವುದಿಲ್ಲ, ಕೇಳಬೇಕು. 1949ರ ‘ಮಹಲ್’ ಚಿತ್ರದ ‘ಆಯೇಗಾ ಆನೇವಾಲಾ’ ರೆಕಾರ್ಡಿನ ಮೇಲೆ ಲತಾ ಹೆಸರೇ ಇರಲಿಲ್ಲ. ‘ಕಾಮಿನಿ’ ಅಂತ ಇತ್ತು. ಅದು ಮಧುಬಾಲಾ ಮಾಡಿದ ಪಾತ್ರದ ಹೆಸರು. ಹಾಡಿದ್ದು ಯಾರು ಅಂತ ಜನ ರೇಡಿಯೊದವರಿಗೆ ಕಾಗದ ಬರೆದು ಕೇಳಿದರು. ನಿಮ್ಮ ಮನೆ ಅಟ್ಟದಲ್ಲಿ ಅಜ್ಜನ ಕಾಲದ ರೆಕಾರ್ಡು ಇದ್ದರೆ ಇಳಿಸಿ, ಧೂಳು ಒರೆಸಿ ಓದಿ. ಅಲ್ಲಿ ಕಾಣೋದು ಹಾಡಿದವರ ಹೆಸರೋ ಪಾತ್ರದ ಹೆಸರೋ, ನನಗೂ ತಿಳಿಸಿ.