ಹೆಂಚಿನ ಮೇಲಿನ ಇಸವಿ, ಫಲಕದ ಮೇಲಿನ ಇಸವಿ

ಬಳ್ಳಾರಿಯಲ್ಲಿ ಕ್ರೈಸ್ತ ಮಿಷನರಿಗಳು ಕಟ್ಟಿಸಿದ ಹಳೆಯ ಮಿಷನ್ ಕಾಂಪೌಂಡುಗಳಿಂದ ನನಗೆ ಬರುವ ಕರೆಗಳಲ್ಲಿ ಸೋರುವ ಮಾಳಿಗೆಗಿಂತ ಫಲಕದ ವಿಚಾರವೇ ಹೆಚ್ಚು. ಶಾಲೆಗೋ ಚರ್ಚಿಗೋ ಮಹೋತ್ಸವ ಹತ್ತಿರ ಬಂದಿರುತ್ತದೆ, ಗ್ರಾನೈಟ್ ಕೆತ್ತುವವನಿಗೆ ಮುಂಗಡ ಕೊಟ್ಟಾಗಿರುತ್ತದೆ. "ಸರ್, ಕಟ್ಟಡ ಕಟ್ಟಿದ ಇಸವಿ ಒಂದು ಹೇಳಿಬಿಡಿ, ಸಾಕು" ಎನ್ನುತ್ತಾರೆ. ಹಳೆಯ ಕಟ್ಟಡಗಳನ್ನು ದುರಸ್ತಿ ಮಾಡುವುದೇ ಕಸುಬಾದ ನನಗೆ ಆ "ಒಂದು" ಕೇಳಿದರೆ ಮೈ ಉರಿಯುತ್ತದೆ.

ಕೇಳುವವರ ಮನಸ್ಸಿನಲ್ಲಿ ಇಸವಿ ಆಗಲೇ ನಿಶ್ಚಯವಾಗಿರುತ್ತದೆ: 1810. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದ ವರ್ಷ ಅದು. ಅದರಲ್ಲಿ ತಕರಾರಿಲ್ಲ. ಆದರೆ ಅದು ಮನುಷ್ಯ ಬಂದ ವರ್ಷ, ಗೋಡೆ ಎದ್ದ ವರ್ಷವಲ್ಲ. ನಿಜಾಮರು ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟದ್ದು 1800ರಲ್ಲಿ. ಮಿಷನರಿಗಳಿಗೆ ಕಂಪನಿ ಅಧಿಕೃತವಾಗಿ ಬಾಗಿಲು ತೆರೆದದ್ದು 1813ರ ಸನದಿನ (ಚಾರ್ಟರ್ ಕಾಯ್ದೆಯ) ನಂತರ. ನಡುವಿನ ಆ ಅನುಮಾನದ ದಿನಗಳಲ್ಲಿ ಬಂದವರು ದಂಡಿನ ಊರಿನಲ್ಲಿ ನೆಲೆ ಹುಡುಕಿಕೊಂಡು, ಭಾಷೆ ಕಲಿತು, ಜನರ ನಂಬಿಕೆ ಗಳಿಸಬೇಕಿತ್ತು. ಬಂದ ವರ್ಷವೇ ಎರಡಡಿ ದಪ್ಪದ ಗೋಡೆ ಏಳುವುದಿಲ್ಲ. ಅಜ್ಜ ಊರಿಗೆ ಬಂದ ವರ್ಷವನ್ನು ಮೊಮ್ಮಗ ಕಟ್ಟಿಸಿದ ಮನೆಯ ಹೊಸ್ತಿಲ ಮೇಲೆ ಕೆತ್ತಿಸಿದರೆ ಹೇಗೋ ಹಾಗೆ ಇದು.

ಆ ಜನ ಇಲ್ಲಿ ಮಾಡಿದ ಕೆಲಸಕ್ಕೆ ಇಸವಿಗಳ ಕೊರತೆಯಿಲ್ಲ. ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತಂದರು. ಅವರ ಜೊತೆಗಿದ್ದ ವಿಲಿಯಂ ರೀವ್ ನಿಘಂಟು ಕಟ್ಟಿದರು. ಮಂಗಳೂರಿನ ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ 1843ರಲ್ಲಿ ಕಲ್ಲಚ್ಚಿನಲ್ಲಿ ಹೊರಡಿಸಿದ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ', ಮರುವರ್ಷ ಬಳ್ಳಾರಿಯ ಮಿಷನ್ ಮುದ್ರಣಾಲಯಕ್ಕೆ ಬಂದು 'ಕನ್ನಡ ಸಮಾಚಾರ'ವಾಯಿತು. ಕಲ್ಲಚ್ಚಿನ ಬದಲು ಇಲ್ಲಿ ಅಚ್ಚಿನ ಮೊಳೆಗಳಿದ್ದವು. ಇದೇ ಮಿಷನ್ನಿನ ವಾರ್ಡ್‌ಲಾ ಶಾಲೆಯ ಹುಟ್ಟು 1846ರದು. ಕನ್ನಡ ಪತ್ರಿಕೆಯ ಚರಿತ್ರೆಯಲ್ಲಿ ನಮ್ಮ ಊರಿಗೆ ಎರಡನೆಯ ಸ್ಥಾನ ಇದೆಯೆಂದು ಎಷ್ಟು ಬಳ್ಳಾರಿಗರಿಗೆ ಗೊತ್ತು? ಫಲಕದ ಮೇಲೆ ಇದನ್ನು ಬರೆಸಿ ಎಂದರೆ ಸಮಿತಿಗಳಿಗೆ ರುಚಿಸುವುದಿಲ್ಲ. ಅವರಿಗೆ ಬೇಕಾದದ್ದು ಕಟ್ಟಡದ ವಯಸ್ಸು, ಅದೂ ಪಕ್ಕದ ಕಾಂಪೌಂಡಿನದಕ್ಕಿಂತ ಹೆಚ್ಚಿನದು.

ಒಮ್ಮೆ ಒಂದು ಸಮಿತಿಯ ಹಿರಿಯರೊಬ್ಬರು ಬಟ್ಟೆಯಲ್ಲಿ ಸುತ್ತಿದ ಹೆಂಚನ್ನು ನನ್ನ ಮೇಜಿನ ಮೇಲಿಟ್ಟರು. ಮಂಗಳೂರು ಹೆಂಚು. ಹಿಂಬದಿಯಲ್ಲಿ ಬಾಸೆಲ್ ಮಿಷನ್ನಿನ ಹೆಸರು, ಅದರ ಜೊತೆಗೆ 1865. "ಇದಕ್ಕಿಂತ ಸಾಕ್ಷಿ ಬೇಕೇ?" ಎಂದರು. ಮೃದು ಮನುಷ್ಯ, ಹೆಂಚನ್ನು ಮಗುವಿನಂತೆ ಎತ್ತಿಕೊಂಡು ಬಂದಿದ್ದರು. ಅವರಿಗೆ ಬೇಸರ ಮಾಡುವುದು ನನಗೂ ಸುಲಭವಾಗಿರಲಿಲ್ಲ. 1865 ಎಂಬುದು ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ವರ್ಷ. ಅದನ್ನು ಅಚ್ಚಿನಲ್ಲೇ ಕೊರೆದಿದ್ದರು. ಅಲ್ಬುಕರ್ಕ್ ಕಾರ್ಖಾನೆಯ ಹೆಂಚುಗಳ ಮೇಲಿನ 1868 ಕೂಡ ಹಾಗೆಯೇ. ಇಪ್ಪತ್ತನೆಯ ಶತಮಾನದಲ್ಲಿ ಸುಟ್ಟ ಹೆಂಚಿನ ಮೇಲೂ ಅದೇ ಇಸವಿ ಇರುತ್ತದೆ. ಆ ಹೆಂಚು ಹೇಳುವುದು ಇಷ್ಟೇ: ಈ ಚಾವಣಿ 1865ಕ್ಕಿಂತ ಹಿಂದಿನದಲ್ಲ. ಎಷ್ಟು ಮುಂದಿನದು ಎಂಬುದನ್ನು ಹೆಂಚು ಹೇಳುವುದಿಲ್ಲ.

ಇದನ್ನು ಇನ್ನೊಮ್ಮೆ ಹೇಳುತ್ತೇನೆ, ಏಕೆಂದರೆ ಎಲ್ಲರೂ ಎಡವುವುದು ಇಲ್ಲೇ. ಒಂದು ವಸ್ತುವಿನ ಮೇಲಿನ ಇಸವಿ ಕೆಳಗಿನ ಗಡಿಯನ್ನು ಮಾತ್ರ ಹಾಕುತ್ತದೆ. ಆ ಗಡಿಯೂ ಆ ವಸ್ತುವಿಗೆ ಸೇರಿದ್ದು, ಇಡೀ ಕಟ್ಟಡಕ್ಕಲ್ಲ. ಜಗಲಿಯ ಮೇಲಿನ ಹೆಂಚು ಜಗಲಿಯ ಮಾತನ್ನಷ್ಟೇ ಆಡುತ್ತದೆ. ಒಳಕೋಣೆಯ ಮಾಳಿಗೆ ಅದಕ್ಕಿಂತ ಹಳೆಯದಿರಬಹುದು, ಹೊಸದೂ ಇರಬಹುದು.

ಒಳಗೆ ಹೋಗಿ ತಲೆ ಎತ್ತಿ ನೋಡಿ. ತೇಗದ ತೊಲೆಗಳ ಮೇಲೆ ತೆಳ್ಳನೆಯ ಸಣ್ಣ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಓರೆ ಸಾಲಿನಲ್ಲಿ ಸುಣ್ಣದ ಗಾರೆಯಿಂದ ಕಟ್ಟಿದ್ದರೆ ಅದು ಮದ್ರಾಸ್ ತಾರಸಿ. ಮೇಲೆ ಇಟ್ಟಿಗೆ ಚೂರು ಬೆರೆಸಿದ ಸುಣ್ಣದ ಕಾಂಕ್ರೀಟನ್ನು ಮರದ ಹಲಗೆಯಿಂದ ದಿನಗಟ್ಟಲೆ ಬಡಿದಿರುತ್ತಾರೆ. ಪಕ್ಕದ ಕೋಣೆಯಲ್ಲಿ ಕಬ್ಬಿಣದ ತೊಲೆಯಿಂದ ತೊಲೆಗೆ ಇಟ್ಟಿಗೆಯ ಸಣ್ಣ ಕಮಾನು ಹಾರಿಸಿದ್ದರೆ ಅದು ಜಾಕ್ ಆರ್ಚ್. ಆ ತೊಲೆಯ ನಡುಪಟ್ಟಿಯ ಮೇಲೆ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಬಣ್ಣದ ಪದರಗಳ ಅಡಿಯಿಂದ ಉಬ್ಬಕ್ಷರಗಳು ಏಳುತ್ತವೆ. ಡಾರ್ಮನ್ ಲಾಂಗ್ ಎಂದು ಓದಿಸಿದರೆ ಅದು ಇಂಗ್ಲೆಂಡಿನಲ್ಲಿ 1875ರಲ್ಲಿ ಹುಟ್ಟಿದ ಕಂಪನಿ. ಅಂಥ ತೊಲೆ ಹೊತ್ತ ಕೋಣೆಗೆ 1810 ಎಂದು ಫಲಕ ಹಾಕಿದರೆ ತೊಲೆಯೇ ನಗುತ್ತದೆ.

ಇನ್ನು ಬಾಗಿಲು. ಕೀಲಿನ ತಿರುಪುಮೊಳೆಯೊಂದನ್ನು ಬಿಚ್ಚಿ ಅಂಗೈ ಮೇಲಿಟ್ಟುಕೊಳ್ಳಿ. ತುದಿ ಮೊಂಡಾಗಿದ್ದರೆ ಸಂತೋಷಪಡಬಹುದು. ಚೂಪು ತುದಿಯ ತಿರುಪು ರೂಢಿಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ನಡುವಿನ ನಂತರ. ಆದರೆ ಪೂರ್ತಿ ಸಂತೋಷ ಬೇಡ. ಹಳೆಯ ಬಾಗಿಲನ್ನು ಹೊಸ ಗೋಡೆಗೆ ಕೂರಿಸುವುದು ಆಗಲೂ ಇತ್ತು, ಈಗಲೂ ಇದೆ. ಬಾಗಿಲು ಅಲೆಮಾರಿ. ನಾನು ಅದರ ಸಾಕ್ಷ್ಯವನ್ನು ಬೇರೆ ಸಾಕ್ಷ್ಯ ಸಿಗುವವರೆಗೆ ಒಪ್ಪುವುದಿಲ್ಲ.

ಇಸವಿಯ ಈ ಹುಚ್ಚಿಗೆ ನಾನು ಇಷ್ಟು ರೇಗುವುದಕ್ಕೆ ಕಾರಣವಿದೆ. ತಪ್ಪು ಇಸವಿ ಗೋಡೆ ಕೆಡವುತ್ತದೆ. "ಮೂಲ 1810ರದು" ಎಂದು ನಂಬಿದವರಿಗೆ ಹೆಂಚಿನ ಜಗಲಿ, ಉಕ್ಕಿನ ತೊಲೆ ಎಲ್ಲವೂ ನಂತರ ಅಂಟಿಕೊಂಡ ಕಸವಾಗಿ ಕಾಣುತ್ತವೆ. ತೆಗೆಸಿ ಮೂಲರೂಪಕ್ಕೆ ತನ್ನಿ ಎನ್ನುತ್ತಾರೆ. ಆ ಮೂಲರೂಪವನ್ನು ಕಂಡವರು ಯಾರು? ಇತ್ತ, ನಾನು "1880ರ ಆಸುಪಾಸಿನದಿರಬಹುದು" ಎಂದ ಕೂಡಲೇ ಇನ್ನೊಬ್ಬರ ಮುಖ ಬಾಡುತ್ತದೆ: "ಅಷ್ಟೇನಾ? ಹಾಗಾದರೆ ಕೆಡವಿ ಕಾಂಪ್ಲೆಕ್ಸ್ ಕಟ್ಟಬಹುದಲ್ಲ." ಮಠಗಳವರೂ ಇದಕ್ಕೆ ಹೊರತಲ್ಲ. ಗುರುಪರಂಪರೆಯ ಮೊದಲ ಸ್ವಾಮಿಗಳ ಕಾಲವನ್ನೇ ಮೊನ್ನೆ ಕಟ್ಟಿಸಿದ ಮಹಾದ್ವಾರಕ್ಕೂ ಬರೆಸುತ್ತಾರೆ.

ಮಿಷನ್ ಕಾಂಪೌಂಡು ಒಂದೇ ಏಟಿಗೆ ಕಟ್ಟಿದ ಬಡಾವಣೆಯಲ್ಲ. ಬಂಗಲೆ, ಪ್ರಾರ್ಥನಾ ಮಂದಿರ, ಶಾಲೆ, ಹಾಸ್ಟೆಲ್, ಕೆಲಸಗಾರರ ಸಾಲುಮನೆ ಎಲ್ಲವೂ ಅಗತ್ಯ ಬಿದ್ದಾಗ, ಹಣ ಬಂದಾಗ ಎದ್ದವು. ಬಳ್ಳಾರಿ ಸೀಮೆಯನ್ನು ಹಿಂಡಿದ 1876-78ರ ಧಾತು ಸಂವತ್ಸರದ ಬರದ ನಂತರ ದಕ್ಷಿಣದ ಎಷ್ಟೋ ಮಿಷನ್‌ಗಳು ಅನಾಥ ಮಕ್ಕಳಿಗಾಗಿ ಕಟ್ಟಡ ಎಬ್ಬಿಸಿದವು. ಅಂಥ ಕಾಲದ ಒಂದು ಸಾದಾ ಸಾಲುಮನೆ, ಅಲಂಕಾರವೇ ಇಲ್ಲದ್ದು, ನನ್ನ ಕಣ್ಣಿಗೆ ಕಮಾನುಗಳ ಬಂಗಲೆಗಿಂತ ದೊಡ್ಡ ದಾಖಲೆ. ಕೆಡವುವವರು ಮೊದಲು ಮುಟ್ಟುವುದೂ ಅದನ್ನೇ.

ಕಾಗದಪತ್ರ ಹುಡುಕುವವರಿಗೆ ಒಂದು ಮಾತು. 1953ರ ಅಕ್ಟೋಬರ್‌ವರೆಗೆ ಬಳ್ಳಾರಿ ಮದ್ರಾಸಿನ ಆಡಳಿತದಲ್ಲಿತ್ತು, ಆದ್ದರಿಂದ ಬೆಂಗಳೂರಿನಲ್ಲಷ್ಟೇ ಹುಡುಕಿ ಕೈಚೆಲ್ಲಬೇಡಿ. ಲಂಡನ್ ಮಿಷನರಿ ಸೊಸೈಟಿಯ ಪತ್ರಗಳು ಲಂಡನ್ನಿನಲ್ಲೇ ವಿಶ್ವವಿದ್ಯಾಲಯವೊಂದರ ಗ್ರಂಥಾಲಯದಲ್ಲಿವೆ. ಚಾವಣಿ ಬದಲಿಸಲು ಹಣ ಬೇಡಿ ಬರೆದ ಒಂದು ಪತ್ರ ಸಿಕ್ಕರೆ ನನ್ನ ಟಾರ್ಚಿಗಿಂತ ಹೆಚ್ಚು ಕೆಲಸ ಮಾಡೀತು.

ಫೋಟೊ ನೋಡಿ, ಫೋನಿನಲ್ಲಿ ನಾನು ವಯಸ್ಸು ಹೇಳುವುದಿಲ್ಲ. ಸ್ಥಳಕ್ಕೆ ಬಂದು ನೋಡಿದ ಮೇಲೂ ನಾನು ಕೊಡುವುದು ಭಾಗಕ್ಕೊಂದು ಕಾಲ: ಈ ಗೋಡೆ ಬಹುಶಃ ಇಂಥ ದಶಕ, ಈ ಜಗಲಿ ಅದರ ನಂತರ. ಫಲಕದ ಮೇಲೆ ಅದಕ್ಕೆ ಜಾಗ ಸಾಲದಿದ್ದರೆ "1810ರಲ್ಲಿ ಬಳ್ಳಾರಿಗೆ ಬಂದ ಮಿಷನ್ನಿನ ಕಾಂಪೌಂಡು, ಹಂತಹಂತವಾಗಿ ಕಟ್ಟಿದ್ದು" ಎಂದು ಬರೆಸಿ, ಸುಳ್ಳಾಗುವುದಿಲ್ಲ. ಸದ್ಯಕ್ಕೆ, ಉತ್ಸವದ ಸಡಗರದಲ್ಲಿ ತೊಲೆಗಳಿಗೆ ತಂತಿ ಬ್ರಷ್ ಹಾಕಿಸಿ ರೆಡ್ ಆಕ್ಸೈಡ್ ಬಳಿಸುವ ಮುನ್ನ, ಅವುಗಳ ಮೇಲೆ ಅಕ್ಷರಗಳಿದ್ದರೆ ಟಾರ್ಚನ್ನು ಓರೆಯಾಗಿ ಹಿಡಿದು ಫೋಟೊ ತೆಗೆಸಿಡಿ. ಕಳಚಿದ ಹೆಂಚು, ತಿರುಪುಮೊಳೆಗಳನ್ನು ಗುಜರಿಗೆ ಹಾಕದೆ, ಯಾವ ಕೋಣೆಯವು ಎಂದು ಚೀಟಿ ಕಟ್ಟಿಡಿ.